ಕರುಗಣ್ಣು ಹೂ ಬಿಡುವ ತನಕ

ಬೀಗದಲ್ಲಿ ಕೀಲಿ ತಿರುಗಿದ ಸದ್ದಾದರೆ ಸಾಕು, ಒಳಕೋಣೆಯಿಂದ ಪ್ರಶ್ನೆ ಬರುತ್ತಿತ್ತು.

"ಹೇಗಿದಾವೆ?"

ಅತ್ತೆ ಕೇಳುತ್ತಿದ್ದದ್ದು ಬಾಲ್ಕನಿಯ ತೊಟ್ಟಿಯಲ್ಲಿದ್ದ ನಾಲ್ಕು ಗಿಡಗಳ ಬಗ್ಗೆ. ಮೂರು ಮಹಡಿ ಹತ್ತಿ ಬಂದ ಸೊಸೆ ಹೇಗಿದ್ದಾಳೆ ಎಂದು ಕೇಳುವ ರೂಢಿ ಆ ಮನೆಯಲ್ಲಿ ಎಂದೋ ನಿಂತುಹೋಗಿತ್ತು.

"ಇದಾವೆ," ಎನ್ನುತ್ತಿದ್ದಳು ಸೊಸೆ, ಬಾಲ್ಕನಿಯ ಕಡೆ ತಲೆಯನ್ನೂ ತಿರುಗಿಸದೆ. ಚೀಲ ಕೆಳಗಿಟ್ಟು, ಕೈ ತೊಳೆದು, ಮುದುಕಿಯನ್ನು ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ಪೌಡರ್ ಹಾಕಿ, ಕೆಳಗಿನ ಪಾತ್ರೆ ತೆಗೆದು ತೊಳೆದಿಟ್ಟು ಬರುವಷ್ಟರಲ್ಲಿ ಅವಳಿಗೆ ಹಸಿವು ಸತ್ತಿರುತ್ತಿತ್ತು. ಆಮೇಲೆ ಗೋಡೆಗೆ ಒರಗಿ ನಿಂತು ಒಂದು ಲೋಟ ಟೀ ಕುಡಿದರೆ ಅದೇ ಊಟ.

ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮಗನೇ ಇಲ್ಲದ ಮೇಲೆ ಅತ್ತೆ ಸೊಸೆಯ ಮನೆಯಲ್ಲಿ ಇರುವುದು ಯಾವ ನಂಟಿನ ಮೇಲೆ ಎಂದು ಯಾರೂ ಕೇಳಲಿಲ್ಲ. ಅತ್ತೆ ಹೋಗುತ್ತೇನೆ ಎನ್ನಲಿಲ್ಲ, ಸೊಸೆ ಹೋಗಿ ಎನ್ನಲಿಲ್ಲ. ಹಾಗೇ ಉಳಿದುಬಿಟ್ಟರು, ಒಂದೇ ಹಗ್ಗದ ಮೇಲೆ ಒಣಹಾಕಿದ ಎರಡು ಮನೆಯ ಬಟ್ಟೆಗಳ ಹಾಗೆ. ಜಗಳವಿಲ್ಲದ ಮನೆ ಎಂದಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಇಲ್ಲಿ ಇಬ್ಬರ ಕಾಲವೂ ಒಟ್ಟಿಗೇ ನಡೆಯುತ್ತಿತ್ತು. ಉಪ್ಪು ಹೆಚ್ಚು ಎಂದು ಒಬ್ಬರು ಮೂಗು ಮುರಿದರೆ ಕಿಟಕಿ ಹಾಕಿಲ್ಲ ಎಂದು ಇನ್ನೊಬ್ಬರು ಗೊಣಗುತ್ತಿದ್ದರು. ಎರಡೂ ನಿಜವೇ ಆಗಿರುತ್ತಿತ್ತು.

ಸೊಸೆಯ ಕೆಲಸ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಹತ್ತೊಂಬತ್ತು ವರ್ಷದಿಂದ ಅದೇ ಉಗಿ, ಅದೇ ಸೋಪಿನ ಘಾಟು, ಆಳೆತ್ತರದ ಅದೇ ನಾಲ್ಕು ಮಶೀನು. ವಾರ್ಡುಗಳಿಂದ ಗಾಡಿ ತುಂಬ ಬರುವ ಚಾದರಗಳಲ್ಲಿ ರಕ್ತ ಯಾವುದು, ಔಷಧ ಯಾವುದು, ಕೀವು ಯಾವುದು ಎಂದು ಅವಳು ನೋಡಿದ ಕೂಡಲೇ ಬೇರ್ಪಡಿಸುತ್ತಿದ್ದಳು. ಕಲೆ ಮೇಲ್ಮೇಲೆ ಹೋದರೆ ಸಾಲದು, ಇಸ್ತ್ರಿಯ ಬಿಸಿ ತಾಗಿದರೆ ಅಂಥದ್ದು ಮತ್ತೆ ಎದ್ದು ಬರುತ್ತದೆ, ಹೋಗುವುದಾದರೆ ಬುಡದಿಂದಲೇ ಹೋಗಬೇಕು. ಹೊಸದಾಗಿ ಸೇರಿದವರಿಗೆ ಅವಳು ಕಲಿಸುತ್ತಿದ್ದ ಮೊದಲ ಪಾಠ ಇದು. ಅಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಅಕ್ಕ ಮುಟ್ಟಿದ ಚಾದರ ಹಾಲಿನ ಹಾಗೆ ಹೊರಬರುತ್ತದೆ ಎಂಬ ಹೆಸರು ಮೇಲಿನ ವಾರ್ಡುಗಳ ತನಕ ಹೋಗಿತ್ತು. ಹೆಸರು ಹೊಟ್ಟೆ ತುಂಬಿಸುವುದಿಲ್ಲ, ಬೆನ್ನುನೋವನ್ನೂ ಕಳೆಯುವುದಿಲ್ಲ. ಆದರೂ ಇಟ್ಟುಕೊಳ್ಳಲು ಅವಳ ಬಳಿ ಇದ್ದದ್ದು ಅದೊಂದೇ.

ಇನ್ನು ಗಿಡದ ವಿಷಯ. ಅದರ ಹೆಸರು ಕರುಗಣ್ಣು. ಪುಸ್ತಕದಲ್ಲಿ ಏನೆಂದು ಬರೆದಿದೆಯೋ, ಮುದುಕರು ಕರೆಯುತ್ತಿದ್ದದ್ದು ಹಾಗೆ. ಗೇಣುದ್ದದ ಕಡ್ಡಿ, ಅದರ ತುದಿಗೆ ಹೆಬ್ಬೆರಳಿನ ಉಗುರಿನಷ್ಟು ಹಳದಿ ಹೂ, ಹೂವಿನ ನಡುವೆ ಒದ್ದೆಯಾದಂತೆ ಹೊಳೆಯುವ ಒಂದು ಕಪ್ಪು ನೇರಳೆ ಬೊಟ್ಟು. ನೋಡಿದರೆ ಕರು ಕಣ್ಣು ಬಿಟ್ಟಂತೆಯೇ ಇರುತ್ತಿತ್ತು. ಆ ಊರಿನಲ್ಲಿ ಅದು ಬೆಳೆಯುತ್ತಿದ್ದದ್ದು ನೀರಿನ ಟ್ಯಾಂಕಿನ ಹಿಂದಿನ ಇಳಿಜಾರಿನಲ್ಲಿ ಮಾತ್ರ.

ಅತ್ತೆ ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮಾಲಿಯಾಗಿದ್ದರು. ದಿನಾ ಆ ಇಳಿಜಾರಿನ ಪಕ್ಕದಲ್ಲೇ ಶಾಲೆಗೆ ನಡೆದು ಹೋಗುತ್ತಿದ್ದರು. "ಶಾಲೇಲಿ ನಾನು ಬೆಳೆಸಿದ ಹೂವೆಲ್ಲ ಹೆಡ್‌ಮೇಡಂದು," ಎನ್ನುತ್ತಿದ್ದರು. "ಇದು ಮಾತ್ರ ಯಾರದೂ ಅಲ್ಲ. ಅದಕ್ಕೇ ನಂದು ಅಂದ್ಕೊಂಡಿದ್ದೆ." ನಾಲ್ಕು ವರ್ಷದ ಹಿಂದೆ ಇಳಿಜಾರಿಗೆ ಸಿಮೆಂಟು ಬಳಿದು, ಕಂಬಿ ನೆಟ್ಟು, ವಾಕಿಂಗ್ ಹಾದಿ ಮಾಡುವ ಸುದ್ದಿ ಬಂತು. ಅತ್ತೆ ಊರಿನ ಕಾಲೇಜಿಗೆ, ಗಿಡಮರದ ಪಾಠ ಹೇಳುವವರ ಬಳಿ ಹೋಗಿ ಹೇಳಿದರು. ಕಾಲೇಜಿನವರು ಅರ್ಜಿ ಬರೆದು ಕೊಡಿ ಎಂದರು. ಅರ್ಜಿ ಬರೆಯುವ ಬದಲು ಮುದುಕಿ ಒಂದು ಲಕೋಟೆ ಹಿಡಿದು ಇಳಿಜಾರು ಹತ್ತಿ, ಒಣಗಿದ ಕಾಯಿಗಳನ್ನೆಲ್ಲ ಅದರೊಳಗೆ ಕೊಡವಿಕೊಂಡು ಬಂದರು. ಸಿಕ್ಕಿದ್ದು ನಶ್ಯದ ಪುಡಿಯಂಥ ನಾಲ್ಕು ಚಿಟಿಕೆ ಬೀಜ. ವಾರ ಕಳೆಯುವಷ್ಟರಲ್ಲಿ ಅಲ್ಲಿಗೆ ಸಿಮೆಂಟು ಬಂತು.

ಮೊದಲ ಚಿಟಿಕೆಯನ್ನು ಅತ್ತೆ ಜರಡಿ ಹಿಡಿದ ಮಣ್ಣಿಗೆ ಹಾಕಿದರು. ಸಸಿಗಳು ಬೆರಳುದ್ದ ಎದ್ದು, ಹಳದಿಯಾಗಿ, ಸತ್ತುಹೋದವು. ಮರುವರ್ಷ ಎರಡನೆಯ ಚಿಟಿಕೆಗೂ ಅದೇ ಗತಿ. ಮೂರನೆಯದಕ್ಕೆ ಗೊಬ್ಬರ ಹಾಕಿದ್ದಕ್ಕೆ ಇನ್ನೂ ಬೇಗ ಸತ್ತವು. ಕೊನೆಯ ಚಿಟಿಕೆ ಈ ತೊಟ್ಟಿಯಲ್ಲಿತ್ತು. ತೊಟ್ಟಿಯನ್ನು ಸೊಸೆಯೇ ತಂದುಕೊಟ್ಟಿದ್ದಳು. ಹೆರಿಗೆ ವಾರ್ಡಿನಲ್ಲಿ ಬಿರುಕುಬಿಟ್ಟಿತೆಂದು ಹೊರಗೆಸೆದಿದ್ದ ಎಳೆಮಕ್ಕಳ ಸ್ನಾನದ ತೊಟ್ಟಿ ಅದು.

ಸಸಿ ಕಾಣಿಸಿಕೊಂಡ ಮೂರನೇ ವಾರ ಅತ್ತೆ ಬಾಲ್ಕನಿಯ ಒದ್ದೆ ನೆಲದಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿ ಕಂಬಿ ಹಾಕಿದರು. ಮೂರು ತಿಂಗಳಲ್ಲಿ ಎದ್ದು ಓಡಾಡುತ್ತಾರೆ ಎಂದ ಡಾಕ್ಟರು ಮೂರು ತಿಂಗಳಾದ ಮೇಲೆ ವಯಸ್ಸಾಗಿದೆಯಲ್ಲ ಎಂದರು. ಹಾಸಿಗೆಯಿಂದ ಪಕ್ಕದ ಕುರ್ಚಿ, ಕುರ್ಚಿಯಿಂದ ಮತ್ತೆ ಹಾಸಿಗೆ, ಅಷ್ಟೇ ಅವರ ಪ್ರಪಂಚವಾಯಿತು. ಅಲ್ಲಿಂದ ನೋಡಿದರೆ ಬಾಲ್ಕನಿಯ ಬಾಗಿಲಿನ ಅಂಚು ಕಾಣುತ್ತಿತ್ತು, ತೊಟ್ಟಿ ಕಾಣುತ್ತಿರಲಿಲ್ಲ.

ಸೊಸೆಯ ದಿನ ಬೆಳಗಿನ ಜಾವ ಅತ್ತೆಯ ಮೈ ಒರೆಸುವುದರಿಂದ ಶುರುವಾಗುತ್ತಿತ್ತು. ಆರಕ್ಕೆ ಲಾಂಡ್ರಿ. ಹತ್ತು ಗಂಟೆಗೆ ಕೆಳಮನೆಯ ದರ್ಜಿಯ ಹೆಂಡತಿ ಬಂದು ಅತ್ತೆಗೆ ಏನಾದರೂ ತಿನ್ನಿಸಿ ಹೋಗುತ್ತಿದ್ದಳು. ಎರಡೂವರೆಗೆ ಸೊಸೆ ವಾಪಸು ಬಂದರೆ ಮತ್ತೆ ಒರೆಸು, ತಿರುಗಿಸು, ಕಾಲು ಮಡಿಸು, ಕಾಲು ಚಾಚು. ಹೀಗಿರುವಾಗ ತೊಟ್ಟಿಗೆ ಒಂದು ಚೊಂಬು ನೀರು ಸುರಿಯುವುದೇ ದೊಡ್ಡದಾಗಿತ್ತು. ಅದರಲ್ಲಿ ಹುಲ್ಲು ಎದ್ದಿತು, ಎದ್ದದ್ದು ಹಬ್ಬಿತು. ಸೊಸೆ ನೋಡಿಯೂ ನೋಡದಂತೆ ಇದ್ದಳು. ವಿಚಿತ್ರವೆಂದರೆ ಮೂರು ವರ್ಷ ಮುದುಕಿ ಕಣ್ಣಲ್ಲಿ ಕಣ್ಣಿಟ್ಟು ಸಾಕಿದಾಗ ಸತ್ತ ಸಸಿಗಳು ಈಗ ಯಾರೂ ನೋಡದೆ ಇದ್ದಾಗ ಹುಲ್ಲಿನ ನಡುವೆ ಗಟ್ಟಿಯಾಗಿ ಬೆಳೆದವು. ನಾಲ್ಕು ಗಿಡ. ಕೆಲವು ಜೀವಗಳು ಹೀಗೇ, ಬಿಟ್ಟುಬಿಟ್ಟರೆ ಬದುಕುತ್ತವೆ ಎಂದುಕೊಂಡಳು ಸೊಸೆ. ತನ್ನನ್ನೂ ಯಾರಾದರೂ ಒಂದಿಷ್ಟು ದಿನ ಹಾಗೆ ಬಿಟ್ಟುಬಿಡಬಾರದೇ ಅನ್ನಿಸಿತು.

ನಾಲ್ಕನೇ ತಿಂಗಳಲ್ಲಿ ಒಂದು ದಿನ ಲಾಂಡ್ರಿಯಲ್ಲಿ ಚಾದರ ಮಡಿಸುತ್ತಾ ನಿಂತಿದ್ದವಳು ನಿಂತಹಾಗೇ ನಿದ್ದೆ ಹೋಗಿ ಗಾಡಿಯ ಮೇಲೆ ಬಿದ್ದಳು. ಹಲ್ಲು ತಾಗಿ ತುಟಿ ಒಡೆಯಿತು. ತಾನು ಮಡಿಸಿದ ಬಿಳಿ ಚಾದರದ ಮೇಲೆ ತನ್ನದೇ ರಕ್ತ ಕಂಡಾಗ ಅವಳಿಗೆ ಅಳು ಬರಲಿಲ್ಲ, ತಣ್ಣೀರಿನಲ್ಲಿ ನೆನೆಹಾಕಬೇಕು ಎಂದಷ್ಟೇ ಹೊಳೆಯಿತು. ಅದೇ ಅವಳನ್ನು ಹೆದರಿಸಿತು. ಊಟದ ಹೊತ್ತಿನಲ್ಲಿ ನಾದಿನಿಗೆ ಫೋನು ಮಾಡಿದಳು.

ನಾದಿನಿ ಗಂಡನ ತಂಗಿ, ಅತ್ತೆಗೆ ಒಬ್ಬಳೇ ಮಗಳು. ಬಸ್ಸಿನಲ್ಲಿ ಒಂದು ಹಗಲಿನ ದಾರಿಯಷ್ಟು ದೂರದಲ್ಲಿ ಸಂಸಾರ ಮಾಡಿಕೊಂಡಿದ್ದಳು. ಕೆಟ್ಟವಳಲ್ಲ, ಯಾರೂ ಕೇಳದಿದ್ದರೆ ತಾನಾಗಿ ನೆನಪಿಸಿಕೊಳ್ಳದವಳು ಅಷ್ಟೇ.

"ಒಂದು ವರ್ಷ ನೀನು ಇಟ್ಕೋ," ಎಂದಳು ಸೊಸೆ. "ನನ್ನ ಕೈಲಿ ಆಗ್ತಾ ಇಲ್ಲ ಕಣೆ. ನಾಚಿಕೆ ಬಿಟ್ಟು ಕೇಳ್ತಾ ಇದೀನಿ."

"ಅತ್ತಿಗೆ, ನೀವು ಇಷ್ಟು ದಿನ ಕೇಳದೇ ಇದ್ದದ್ದೇ ದೊಡ್ಡದು," ಎಂದಳು ನಾದಿನಿ. "ಕೆಳಗಡೆ ಕೋಣೆ ಖಾಲಿ ಇದೆ. ಅಮ್ಮ ಒಪ್ಪಿದ್ರೆ ಯಾವತ್ತು ಬೇಕಾದ್ರೂ ಬರ್ತೀನಿ."

ಸೊಸೆಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮನೆಗೆ ಬಂದು ಅತ್ತೆಯ ಬೆನ್ನು ಒರೆಸುತ್ತಲೇ ವಿಷಯ ಹೇಳಿದಳು. ಎದುರಿಗೆ ಮುಖವಿರದಿದ್ದರೆ ಹೇಳುವುದು ಸುಲಭ.

ಅತ್ತೆ ಜಾರಿದ ಸೆರಗನ್ನು ಭುಜಕ್ಕೆ ಎಳೆದುಕೊಂಡರು. ಆಮೇಲೆ ಗೋಡೆಗೇ ಹೇಳಿದರು. "ಹೋಗ್ತೀನಿ. ಯಾರ ಕುತ್ತಿಗೆಗೂ ನೇತು ಬೀಳೋಳಲ್ಲ ನಾನು. ಆದರೆ ಕರುಗಣ್ಣು ಹೂ ಬಿಡ್ಲಿ. ನೋಡಿ ಹೋಗ್ತೀನಿ."

"ಯಾವಾಗ ಬಿಡುತ್ತೆ?"

"ಅದನ್ನ ಕೇಳೋಕೆ ಅದೇನು ನಿನ್ನ ಮಶೀನಾ, ನಲವತ್ತು ನಿಮಿಷಕ್ಕೆ ಗಂಟೆ ಹೊಡೆಯೋಕೆ?"

ಆವತ್ತಿನಿಂದ ಸೊಸೆಗೆ ಆ ಗಿಡಗಳ ಮೇಲೆ ಹುಟ್ಟಿದ ಪ್ರೀತಿ ಹೇಳತೀರದು. ಬಂದ ಕೂಡಲೇ ಕೈಚೀಲವನ್ನೂ ಇಳಿಸದೆ ಬಾಲ್ಕನಿಗೆ ಓಡುತ್ತಿದ್ದಳು. ಬಿಸಿಲಿಗೆ ತೊಟ್ಟಿ ತಿರುಗಿಸಿದಳು, ಗಾಳಿಗೆ ಹಳೆಯ ಚಾದರ ಅಡ್ಡ ಕಟ್ಟಿದಳು. ಹೂವಿನ ಮೇಲಿನ ಭಕ್ತಿಯಲ್ಲ ಅದು, ನಿದ್ದೆಯ ಮೇಲಿನದು. ನಾಲ್ಕು ಕಡ್ಡಿಯಲ್ಲಿ ಯಾವುದಾದರೊಂದು ಕಣ್ಣು ಬಿಟ್ಟರೆ ತಾನು ಕಣ್ಣು ಮುಚ್ಚಬಹುದು ಎಂದು ಅವಳಿಗೆ ಗೊತ್ತಿತ್ತು. ಹೀಗೆ ಅಂದುಕೊಳ್ಳಲು ಅವಳಿಗೆ ನಾಚಿಕೆಯೂ ಆಗುತ್ತಿರಲಿಲ್ಲ. ಅಷ್ಟು ದಣಿದಿದ್ದಳು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ನಾಲ್ಕೂ ತುದಿಗಳಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು ಕಾಣಿಸಿತು. ಸೊಸೆ ಎಂದೂ ಇಲ್ಲದ ಉಮೇದಿನಿಂದ ಒಳಗೆ ಬಂದಳು.

"ಅತ್ತೆ, ಮೊಗ್ಗು ಬಂದಿದೆ. ನಾಲ್ಕಕ್ಕೂ."

ಮುದುಕಿಯ ಮುಖದಲ್ಲಿ ಬೆಳಕು ಬಂತು, ಬಂದ ಹಾಗೇ ಹೋಯಿತು. ಸೊಸೆ ಅದನ್ನು ಕಂಡಳು. ವಯಸ್ಸಾದವರ ಮುಖ, ನೋವಿರಬೇಕು ಎಂದುಕೊಂಡಳು.

"ಹುಲ್ಲು ಇದೆಯಾ ತೊಟ್ಟಿಲಿ?" ಎಂದರು ಅತ್ತೆ.

"ಸುಮಾರಾಗಿದೆ."

"ಸುಮಾರಾಗಿದೆ ಅಂದ್ರೆ ಕಾಡಾಗಿದೆ ಅಂತ. ಕಿತ್ತುಹಾಕು. ಮೊಗ್ಗಿನ ಟೈಮಲ್ಲಿ ಗೊಬ್ಬರವೆಲ್ಲ ಹುಲ್ಲೇ ಎಳೀತದೆ."

"ಇಷ್ಟು ದಿನ ಇತ್ತಲ್ಲ ಅತ್ತೆ. ಇನ್ನೇನು ಹೂ ಬಿಡುತ್ತೆ, ಯಾಕೆ ಕೆಣಕೋದು?"

"ಮೂವತ್ತು ವರ್ಷ ತೋಟ ಮಾಡಿದವಳು ನಾನಾ, ನೀನಾ?" ಎಂದರು ಅತ್ತೆ. ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು. "ಊರವರ ಚಾದರ ಹಾಲಿನ ಹಾಗೆ ಮಾಡಿಕೊಡ್ತೀಯ. ಸ್ವಂತ ಮನೆ ತೊಟ್ಟಿ ಮಾತ್ರ ಹಾಳುಬಿದ್ದ ಜಾಗ. ನಾಳೆ ನನ್ನ ಮಗಳು ಬಂದು ನೋಡಿದ್ರೆ ಏನಂದ್ಕೊಳ್ತಾಳೆ?"

ಆ ಮಾತು ನಾಟಿತು. ಬೇರೆ ಯಾವುದಕ್ಕೆ ಬೈದಿದ್ದರೂ ಸೊಸೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಕೊಳಕು ಎಂದದ್ದನ್ನು ಹತ್ತೊಂಬತ್ತು ವರ್ಷದ ಲಾಂಡ್ರಿಯವಳು ಸಹಿಸುವುದು ಹೇಗೆ?

ರಜೆಯ ದಿನ ಬೆಳಿಗ್ಗೆ ಒಂದು ಹಳೆಯ ಫೋರ್ಕ್ ಹಿಡಿದು ತೊಟ್ಟಿಯ ಮುಂದೆ ಕೂತಳು. ಕಲೆಯಂತೆಯೇ ಹುಲ್ಲು ಕೂಡ, ಮೇಲೆ ಕತ್ತರಿಸಿದರೆ ಮತ್ತೆ ಬರುತ್ತದೆ ಎಂದು ಒಂದೊಂದು ಬುಡಕ್ಕೂ ಫೋರ್ಕ್ ಇಳಿಸಿ, ಬೇರು ಸಮೇತ ಎಬ್ಬಿಸಿ, ಮೇಲ್ಮಣ್ಣು ಕೊಡವಿ, ಪತ್ರಿಕೆಯ ಹಾಳೆಯ ಮೇಲೆ ಗುಡ್ಡೆ ಹಾಕಿದಳು. ಎರಡು ಗಂಟೆಯಲ್ಲಿ ಮೂರು ಗಿಡಗಳ ಸುತ್ತ ಒಂದು ಎಸಳೂ ಇಲ್ಲದಂತೆ ಆಯಿತು. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಲಾಂಡ್ರಿಯಿಂದ ಫೋನು ಬಂತು. ಎರಡನೇ ಮಶೀನಿನ ಬಾಗಿಲು ಸೋರಿ ನೆಲಮಾಳಿಗೆಯೆಲ್ಲ ನೀರು, ಅಕ್ಕ ಎರಡು ಗಂಟೆ ಬಂದು ಹೋಗಲಿ. ಎರಡು ಗಂಟೆ ಎಂದದ್ದು ಆರಾಯಿತು. ವಾಪಸು ಬಂದು ಕಣ್ಣಿಗೆ ಬಿದ್ದಲ್ಲಿ ಮಲಗಿದಳು.

ಮರುದಿನ ಮೂರು ಗಿಡ ತಲೆ ಬಾಗಿಸಿದ್ದವು. ನೀರು ಸಾಲಲಿಲ್ಲವೇನೋ ಎಂದು ಇನ್ನೆರಡು ಚೊಂಬು ಸುರಿದಳು. ಮೂರನೇ ದಿನ ಎಲೆ ಮುದುಡಿ ಕಪ್ಪಾದವು, ಮೊಗ್ಗು ಉದುರಿದವು. ಹುಲ್ಲಿನ ನಡುವೆ ಉಳಿದಿದ್ದ ನಾಲ್ಕನೆಯದು ಮಾತ್ರ ಏನೂ ಆಗದವರ ಹಾಗೆ ನಿಂತಿತ್ತು.

ಸೊಸೆ ಸತ್ತ ಗಿಡವೊಂದನ್ನು ಮೆಲ್ಲಗೆ ಎಳೆದಳು. ಬೇರು ತೀರಾ ಸಣ್ಣದು, ಗಿಡಕ್ಕೆ ತಕ್ಕದ್ದೇ ಅಲ್ಲ. ಆ ಸಣ್ಣ ಬೇರಿನ ತುದಿಗಳಲ್ಲಿ ಸಾಸಿವೆಯಷ್ಟು ಗಂಟುಗಳು. ಒಂದೊಂದು ಗಂಟಿಗೂ ತುಂಡಾದ ಹುಲ್ಲಿನ ಬೇರು ಕಚ್ಚಿಕೊಂಡಿತ್ತು. ಕಚ್ಚಿಕೊಂಡಿದ್ದದ್ದು ಹುಲ್ಲಲ್ಲ, ಗಿಡವೇ. ಮೊಲೆ ಬಿಡದ ಕೂಸಿನ ಹಾಗೆ ಹುಲ್ಲಿನ ಬೇರನ್ನು ಹಿಡಿದು ಅದರಿಂದ ನೀರು ಕುಡಿಯುತ್ತಿತ್ತು. ಹುಲ್ಲನ್ನು ಕಿತ್ತರೆ ಅದರ ಬಾಯಿಯನ್ನೇ ಕಿತ್ತಂತೆ. ಟ್ಯಾಂಕಿನ ಹಿಂದಿನ ಇಳಿಜಾರು ಅವಳಿಗೆ ನೆನಪಾಯಿತು. ಅಲ್ಲಿ ಮೊಣಕಾಲುದ್ದದ ಹುಲ್ಲಿಲ್ಲದ ಕಡೆ ಒಂದು ಕರುಗಣ್ಣನ್ನೂ ಅವಳು ಕಂಡಿರಲಿಲ್ಲ.

ತಾನೇ ಕೊಂದೆನಲ್ಲ ಎಂದುಕೊಂಡಳು. ಮುದುಕಿಗೆ ಹೇಗೆ ಹೇಳುವುದು? ಕಸದ ಬುಟ್ಟಿಯ ಪಕ್ಕ ಇನ್ನೂ ಬಿದ್ದಿದ್ದ ಹುಲ್ಲಿನ ಗುಡ್ಡೆಯನ್ನು ಕೆದಕಿದಳು, ಒಂದಿಷ್ಟಾದರೂ ಮತ್ತೆ ನೆಡಬಹುದೇನೋ ಎಂದು. ಆಗ ಕಂಡಿತು. ಹುಲ್ಲಿನ ಬುಡಗಳ ಕೆಳಗೆ ತೊಟ್ಟಿಯ ಕಪ್ಪು ಮಣ್ಣಿರಲಿಲ್ಲ, ಕೆಂಪು ಮಣ್ಣಿತ್ತು. ಚೌಕಾಕಾರದಲ್ಲಿ ಚಾಕುವಿನಿಂದ ಕತ್ತರಿಸಿ ತಂದ ಹೆಂಟೆಗಳವು. ನಾಲ್ಕನೆಯ ಗಿಡದ ಬಳಿ ಬಗ್ಗಿ ಮಣ್ಣು ಸರಿಸಿ ನೋಡಿದಳು. ಗಿಡದ ಸುತ್ತ ಆರು ಹೆಂಟೆ, ಒಂದಕ್ಕೊಂದು ಸಮಾನ ಅಂತರದಲ್ಲಿ, ಶಾಲೆಯ ತೋಟದ ಪಾತಿಯ ಹಾಗೆ ಕೂರಿಸಿದ್ದವು. ಆ ಹುಲ್ಲು ಅವಳ ಅಲಕ್ಷ್ಯದಿಂದ ಬೆಳೆದದ್ದೇ ಆಗಿರಲಿಲ್ಲ. ಬೀಳುವ ಮೊದಲು ಅತ್ತೆ ತಮ್ಮ ಕೈಯಾರೆ ಅದನ್ನು ತಂದು ನೆಟ್ಟಿದ್ದರು.

ಅವಳು ಸತ್ತ ಗಿಡವನ್ನು ಹಾಗೇ ಹಿಡಿದು ಒಳಗೆ ಹೋದಳು. ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಸೊಸೆ ಗಿಡವನ್ನು ಅವರ ತೊಡೆಯ ಮೇಲಿಟ್ಟಳು.

"ನಿಮಗೆ ಗೊತ್ತಿತ್ತು."

ಅತ್ತೆ ಗಿಡವನ್ನು ಮುಟ್ಟಲಿಲ್ಲ. ಅದನ್ನು ನೋಡುತ್ತಾ ಇದ್ದರು. ಮೂರು ವರ್ಷ ಸೋತು, ನಾಲ್ಕನೇ ವರ್ಷ ಗುಟ್ಟು ಹಿಡಿದವರು ನೋಡುವ ಹಾಗೆ ನೋಡಿದರು.

"ಗೊತ್ತಿತ್ತು," ಎಂದರು ಕೊನೆಗೆ.

"ಗೊತ್ತಿದ್ದೂ ಕೀಳು ಅಂದ್ರಿ."

"ಹೂ ಬಿಟ್ರೆ ಹೋಗ್ಬೇಕಿತ್ತಲ್ಲ."

"ಮಗಳ ಮನೆ ಅತ್ತೆ," ಎಂದಳು. "ಹೆತ್ತ ಮಗಳು. ನಾನು ನಿಮಗೆ ಏನೂ ಅಲ್ಲ. ಇಲ್ಲಿ ಏನಿದೆ ನಿಮಗೆ?"

"ಅಲ್ಲಿ ನಾನು ನೆಂಟಳು," ಎಂದರು ಅತ್ತೆ. "ಅಳಿಯ ಬಂದ ಅಂದ್ರೆ ಕೆಮ್ಮು ಕೂಡ ನುಂಗಬೇಕು. ಉಪ್ಪು ಜಾಸ್ತಿ ಆದ್ರೂ ಚೆನ್ನಾಗಿದೆ ಅನ್ನಬೇಕು. ಇಲ್ಲಿ ನಿನಗೆ ಬೈತೀನಿ, ನಿನ್ನಿಂದ ಬೈಸ್ಕೋತೀನಿ. ಅಷ್ಟೇ ಇರೋದು. ಈ ವಯಸ್ಸಿನಲ್ಲಿ ಅದನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"

"ಅದಕ್ಕೆ ನಾಲ್ಕು ವರ್ಷ ಕಾದ ಗಿಡ ಸಾಯಿಸಿದ್ರಾ? ಅದೂ ನನ್ನ ಕೈಯಿಂದ?" ಸೊಸೆಯ ದನಿ ಏರಲಿಲ್ಲ, ಏರುವಷ್ಟು ತ್ರಾಣವೇ ಇರಲಿಲ್ಲ. "ಬಿಸಿನೀರು ತಾ, ನಾನೇ ಸಾಯಿಸ್ತೀನಿ ಅಂದಿದ್ರೆ ತಂದುಕೊಡ್ತಿದ್ದೆ. ನನ್ನ ರಜದ ದಿನ ಎರಡು ಗಂಟೆ ಬಗ್ಗಿ ಕೂತು ಕಿತ್ತಿದೀನಿ. ಚೆನ್ನಾಗಿ ಮಾಡ್ಬೇಕು ಅಂತ."

"ನಾನೇ ಎದ್ದು ಹೋಗಿ ಕೀಳೋ ಹಾಗಿದ್ರೆ ನಿನ್ನ ಕೈಲಿ ಯಾಕೆ ಕೀಳಿಸ್ತಿದ್ದೆ?" ಎಂದರು ಅತ್ತೆ. ಅವರು ಅಳುವುದನ್ನು ಸೊಸೆ ಕಂಡದ್ದು ಒಂದೇ ಸಲ, ಆರು ವರ್ಷದ ಹಿಂದೆ. ಈಗ ಎರಡನೆಯ ಸಲ. ಅವರು ಅಳುತ್ತಿದ್ದದ್ದು ತಮಗಾಗಿಯೋ ಗಿಡಕ್ಕಾಗಿಯೋ ಅವಳು ಕೇಳಲಿಲ್ಲ. ಒಂದು ಉಳಿದಿದೆ ಎಂದೂ ಹೇಳಲಿಲ್ಲ. ಸಿಟ್ಟಿತ್ತು.

ಆಮೇಲೆ ಎಂಟು ದಿನ ಆ ಮನೆಯಲ್ಲಿ ಮಾತು ನಿಂತಿತು. ಒರೆಸುವುದು, ತಿರುಗಿಸುವುದು, ತಿನ್ನಿಸುವುದು ಎಲ್ಲ ಹೊತ್ತಿಗೆ ಸರಿಯಾಗಿ ನಡೆಯಿತು, ಮಶೀನಿಗೆ ಬಟ್ಟೆ ಹಾಕಿ ತೆಗೆದ ಹಾಗೆ. ಕೀಲಿಯ ಸದ್ದಾದರೂ ಒಳಗಿನಿಂದ ಹೇಗಿದಾವೆ ಎಂಬ ಪ್ರಶ್ನೆ ಬರಲಿಲ್ಲ. ಸೊಸೆಗೆ ಅದು ಖಾಲಿ ಖಾಲಿ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಇಷ್ಟರ ನಡುವೆಯೂ ದಿನಾ ತೊಟ್ಟಿಗೆ ನೀರು ಹಾಕಿದಳು. ಕಿತ್ತುಹೋದ ಕಡೆ ಆಸ್ಪತ್ರೆಯ ಗೇಟಿನ ಬಳಿಯ ಕೆಂಪು ಮಣ್ಣಿನಿಂದ ನಾಲ್ಕು ಹೆಂಟೆ ಹುಲ್ಲು ತಂದು, ಉಳಿದ ಗಿಡದಿಂದ ಒಂದು ಗೇಣು ದೂರಕ್ಕೆ ಕೂರಿಸಿದಳು. ಹುಲ್ಲನ್ನು ಊಟದ ಡಬ್ಬಿಗೆ ತುಂಬಿಕೊಂಡದ್ದನ್ನು ಕಂಡು ಲಾಂಡ್ರಿಯವರು, ಅಕ್ಕ ಮನೆಯಲ್ಲಿ ದನ ಕಟ್ಟಿದ್ದಾಳೆ ಎಂದು ನಕ್ಕರು. ಕಟ್ಟಿದ್ದು ದನವೋ ಕರುವೋ, ಮೇಯಿಸುವುದಂತೂ ತಪ್ಪಲಿಲ್ಲ ಎಂದು ಅವಳೂ ನಕ್ಕಳು.

ನಾದಿನಿ ಎರಡು ಸಲ ಫೋನು ಮಾಡಿದಳು. "ಹೂ ಬಿಡ್ತಾ ಅತ್ತಿಗೆ?"

"ಇನ್ನೂ ಇಲ್ಲ."

"ನಾನು ಕೋಣೆಗೆ ಸುಣ್ಣ ಹೊಡೆಸಿದೀನಿ. ಅಮ್ಮನಿಗೆ ಹೇಳಿ."

ಸೊಸೆ ಹೇಳಲಿಲ್ಲ.

ಒಂಬತ್ತನೇ ದಿನ ಲಾಂಡ್ರಿಯಲ್ಲಿ ಇಬ್ಬರು ಬರಲಿಲ್ಲ. ಸೊಸೆ ಅವರ ಪಾಲನ್ನೂ ಎಳೆದಳು. ಮಧ್ಯಾಹ್ನ ನಾಲ್ಕು ದಾಟಿದ ಮೇಲೆ ಮನೆಗೆ ಹೊರಟಾಗ ಬೀದಿ, ಅಂಗಡಿ, ಬಸ್ಸು ಎಲ್ಲ ನೀರೊಳಗಿನಿಂದ ಕಂಡಂತೆ ಕಾಣುತ್ತಿದ್ದವು. ಎರಡನೇ ಮಹಡಿಯಲ್ಲಿ ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಂಡಳು. ಒಳಗೆ ಬಂದು, ಚೊಂಬು ತುಂಬಿ, ಬಾಲ್ಕನಿಗೆ ಹೋದಳು.

ಕರುಗಣ್ಣು ಬಿಟ್ಟಿತ್ತು.

ಒಂದೇ ಒಂದು. ಹುಲ್ಲಿನ ಎಸಳುಗಳ ನಡುವಿನಿಂದ ಹಳದಿ ಮುಖ ಎತ್ತಿ ನಿಂತಿತ್ತು. ಇಡೀ ಊರಿನಲ್ಲಿ, ಅವಳಿಗೆ ತಿಳಿದ ಮಟ್ಟಿಗೆ, ಇದ್ದದ್ದು ಅದೊಂದೇ. ಇಷ್ಟು ಸಣ್ಣದಕ್ಕೆ ಇಷ್ಟೆಲ್ಲವಾ ಎಂದು ಅವಳಿಗೆ ಅನ್ನಿಸಿತು. ಆಮೇಲೆ ಕಣ್ಣು ಮಂಜಾಯಿತು. ಸಂತೋಷವೇ ಅದು, ಆದರೆ ಅದನ್ನು ಪಡುವುದಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ.

ತೊಟ್ಟಿಯನ್ನು ಎತ್ತಿದಳು. ಮಣ್ಣು ನೀರು ಕುಡಿದು ಭಾರವಾಗಿತ್ತು. ಸೊಂಟಕ್ಕೆ ಆನಿಸಿಕೊಂಡು, ಬಾಗಿಲಿಗೆ ತಾಗಿಸದೆ, ಒಳಕೋಣೆಗೆ ತಂದು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟಳು. ಅತ್ತೆ ತಲೆ ತಿರುಗಿಸಿದರು. ಉಸಿರು ಬಿಗಿಹಿಡಿದು ನೋಡಿದರು. ಕೈ ಚಾಚಿ ಹೂವನ್ನು ಮುಟ್ಟದೆ, ಅದರ ಬುಡದ ಹುಲ್ಲನ್ನು ಸವರಿದರು.

"ಒಂದು ಉಳಿದಿತ್ತಾ?"

"ಉಳಿದಿತ್ತು. ಆವತ್ತು ಲಾಂಡ್ರಿಯಿಂದ ಫೋನು ಬಂತು."

"ಹೊಸ ಹುಲ್ಲು ಹಾಕಿದೀಯ."

"ಹ್ಞೂಂ."

"ದೂರ ಆಯ್ತು. ಇನ್ನೊಂದು ಬೆರಳು ಹತ್ತಿರ ಇರಬೇಕಿತ್ತು," ಎಂದರು ಅತ್ತೆ. ಅದೇ ಅವರು ಕ್ಷಮೆ ಕೇಳಿದ ರೀತಿ ಎಂದು ಸೊಸೆಗೆ ಅರ್ಥವಾಯಿತು.

ಅವಳು ಹಾಸಿಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಶೂ ಬಿಚ್ಚಬೇಕು ಎಂದುಕೊಂಡಳು. ಅದಕ್ಕೂ ಮೊದಲು ಹೇಳಬೇಕಾದ ಮಾತೊಂದಿತ್ತು. ಮೆಟ್ಟಿಲ ಮೇಲೆ ಕೂತಾಗ ಹೂವಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ತೊಟ್ಟಿ ಎತ್ತುವಾಗ ಗೊತ್ತಿತ್ತು. ಬಾಲ್ಕನಿಯಿಂದ ಒಳಕೋಣೆಗೆ ಬರುವ ಹತ್ತು ಹೆಜ್ಜೆಯಲ್ಲಿ ಎರಡು ಮಾತು ಒಟ್ಟಿಗೇ ನಾಲಿಗೆಗೆ ಬಂದಿದ್ದವು. ಒಂದು, ಹೂ ಬಿಟ್ಟಿತು, ಇನ್ನು ಹೊರಡಿ. ಇನ್ನೊಂದು, ಮಗಳಿಗೆ ಹೇಳೋದು ಬೇಡ, ಇದ್ದುಬಿಡಿ. ಎರಡರಲ್ಲಿ ಯಾವುದು ನಿಜ ಎಂದು ಕೇಳಿದ್ದರೆ ಎರಡೂ ಎನ್ನುತ್ತಿದ್ದಳು. ಎರಡನೆಯದನ್ನು ಹೇಳಬೇಕು, ಹೇಳಿಬಿಡಬೇಕು, ಮೊದಲು ಸ್ವಲ್ಪ ಕಣ್ಣು ಮುಚ್ಚಿ ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಎಚ್ಚರವಾದದ್ದು ಅತ್ತೆಯ ದನಿಗೆ. ಪಿಸುಮಾತಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ಸೊಸೆಯ ಮಡಿಲಲ್ಲಿದ್ದ ಫೋನು ಈಗ ಅಲ್ಲಿರಲಿಲ್ಲ. ಅವಳ ತಲೆ ಹಾಸಿಗೆಯ ಅಂಚಿಗೆ ಒರಗಿತ್ತು, ಅದರ ಮೇಲೆ ಮುದುಕಿಯ ಒಂದು ಕೈ ಇತ್ತು.

"ಬಿಟ್ಟಿದೆ," ಎನ್ನುತ್ತಿದ್ದರು ಅತ್ತೆ. "ಇವತ್ತೇ. ನನ್ನ ಮುಂದೇನೇ ಇದೆ... ಇಲ್ಲ, ಅವಳು ಮಾಡಿಲ್ಲ ಫೋನು, ನಾನೇ ಮಾಡಿದ್ದು. ಅವಳು ಕೂತಲ್ಲೇ ನಿದ್ದೆ ಹೋಗಿದಾಳೆ, ಶೂ ಕೂಡ ಬಿಚ್ಚಿಲ್ಲ. ತುಟಿ ಮೇಲೆ ಗಾಯದ ಗುರುತಿದೆ. ಎಲ್ಲಿ ಆಯ್ತೋ ಏನೋ, ನಾನು ಕೇಳಿಲ್ಲ ನೋಡು. ಇಷ್ಟು ಹತ್ತಿರದಿಂದ ಅವಳ ಮುಖ ನೋಡೇ ಇರ್ಲಿಲ್ಲ." ಆ ಕಡೆಯಿಂದ ಏನೋ ಕೇಳಿಬಂತು. "ಭಾನುವಾರ ಬಾ. ಬೆಳಿಗ್ಗೆನೇ ಬಾ. ತೊಟ್ಟಿ ಇಲ್ಲೇ ಇರ್ಲಿ. ಎರಡು ತಿಂಗಳಿಗೆ ಬೀಜ ಬರುತ್ತೆ, ಇವಳೇ ತೆಗೀತಾಳೆ. ಹುಲ್ಲು ಯಾಕೆ ಬೇಕು ಅಂತ ಅವಳೇ ಕಂಡ್ಕೊಂಡಿದಾಳೆ, ನನಗೆ ಅದಕ್ಕೆ ಮೂರು ವರ್ಷ ಬೇಕಾಯ್ತು."

ಸೊಸೆ ಈಗ ಕಣ್ಣು ತೆರೆದರೆ ಸಾಕಿತ್ತು. ತೆರೆದು, ಫೋನು ಕಿತ್ತುಕೊಂಡು, ಅಮ್ಮ ಎಲ್ಲಿಗೂ ಬರೋಲ್ಲ ಕಣೆ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅತ್ತೆಯೂ ಅದಕ್ಕಾಗಿ ಕಾಯುತ್ತಿದ್ದರೋ ಏನೋ, ಮಾತು ಮುಗಿಸಿದ ಮೇಲೂ ಫೋನನ್ನು ಕಿವಿಯಿಂದ ಇಳಿಸಲಿಲ್ಲ. ತಲೆಯ ಮೇಲಿನ ಕೈ ಹಗುರವಾಗಿ ಅಲುಗಿತು.

ಅವಳು ಕಣ್ಣು ತೆರೆಯಲಿಲ್ಲ. ಉಸಿರನ್ನು ನಿದ್ದೆಯವರ ಉಸಿರಿನ ಹಾಗೆ ನಿಧಾನ ಮಾಡಿಕೊಂಡಳು.

"ಹ್ಞೂಂ, ಭಾನುವಾರ," ಎಂದರು ಅತ್ತೆ ಫೋನಿಗೆ.